ಚಿಕ್ಕೋಡಿಯ ಕರಿಕಲ್ಲು, ಮುಂಬೈ ಹೈ ತೈಲ

ಕೆಲವು ವರ್ಷಗಳ ಹಿಂದೆ ರಾಯಬಾಗ ತಾಲೂಕಿನ ಒಂದು ಹಳ್ಳಿಯಿಂದ ಬರುತ್ತಿದ್ದ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬ ಒಂದು ಬಾಟಲಿ ನೀರು ತಂದು ನನ್ನ ಮೇಜಿನ ಮೇಲಿಟ್ಟ. "ಸರ್, ನಮ್ಮ ದೊಡ್ಡಪ್ಪನ ಬೋರ್‌ವೆಲ್ ನೀರಿನ ಮೇಲೆ ಬಣ್ಣ ಬಣ್ಣದ ಎಣ್ಣೆ ತೇಲುತ್ತದೆ. ಕೆಳಗೆ ಪೆಟ್ರೋಲ್ ಇದೆ ಅಂತ ಊರವರು ಹೇಳುತ್ತಿದ್ದಾರೆ" ಎಂದ. ಬಾಟಲಿಯಲ್ಲಿ ಏನೂ ಕಾಣಲಿಲ್ಲ. ಆದರೆ ಅವನ ಮುಖದಲ್ಲಿ ಆತಂಕವಿತ್ತು. ಈಗಿರುವ ಆರುನೂರು ಅಡಿ ಬಾವಿಯನ್ನು ಇನ್ನೂ ಆರುನೂರು ಅಡಿ ಕೊರೆಸಿದರೆ ತೈಲ ಕಂಪನಿಯವರೇ ಹುಡುಕಿಕೊಂಡು ಬರುತ್ತಾರೆ ಎಂದು ಯಾರೋ ಅವನ ದೊಡ್ಡಪ್ಪನ ತಲೆಗೆ ತುಂಬಿದ್ದರು. ಮುಂದಿನ ಕಬ್ಬಿನ ಬಿಲ್ಲಿನ ಮೇಲೆ ಸಾಲ ಎತ್ತುವ ಮಾತೂ ನಡೆದಿತ್ತು.

ಮುಂದಿನ ಭಾನುವಾರ ಇಬ್ಬರೂ ಬಸ್ಸು ಹತ್ತಿ ಆ ಹೊಲಕ್ಕೆ ಹೋದೆವು. ಪಂಪಿನ ಪಕ್ಕದ ಹೊಂಡದಲ್ಲಿ ನಿಂತ ನೀರಿನ ಮೇಲೆ ನಿಜಕ್ಕೂ ನೀಲಿ, ನೇರಳೆ, ಚಿನ್ನದ ಬಣ್ಣದ ಪೊರೆ ಮಿನುಗುತ್ತಿತ್ತು. "ಮಾಸ್ತರ್ರ, ಇದು ಎಣ್ಣೀನ ಹೌದಲ್ರೀ?" ಎಂದು ಹಿರಿಯರು ಕೇಳಿದರು. ಉತ್ತರ ಹೇಳಲು ಯಾವ ಉಪಕರಣವೂ ಬೇಕಾಗಲಿಲ್ಲ. ಒಂದು ಕಬ್ಬಿನ ಸೋಗೆ ಸಾಕಾಯಿತು.

ಕಡ್ಡಿಯ ಪರೀಕ್ಷೆ

ನೀರಿನ ಮೇಲೆ ಬಣ್ಣಗಳು ಕಂಡವೆಂದರೆ ಅಲ್ಲಿ ಎಣ್ಣೆಯೇ ಇದೆ ಎಂದು ಅರ್ಥವಲ್ಲ. ಬೆಳಕಿನ ಅಲೆಯುದ್ದಕ್ಕೆ ಹೋಲಿಸಬಹುದಾದಷ್ಟು ತೆಳುವಾದ ಯಾವುದೇ ಪಾರದರ್ಶಕ ಪೊರೆಯೂ ಬಣ್ಣ ತೋರಿಸುತ್ತದೆ. ಪೊರೆಯ ಮೇಲ್ಮೈಯಿಂದ ಮತ್ತು ತಳಮೈಯಿಂದ ಪ್ರತಿಫಲಿಸಿದ ಬೆಳಕು ಒಂದರೊಡನೊಂದು ಸೇರಿ ಕೆಲವು ಬಣ್ಣಗಳನ್ನು ಹೆಚ್ಚಿಸುತ್ತದೆ, ಕೆಲವನ್ನು ಅಳಿಸುತ್ತದೆ. ಇದೇ ವ್ಯತಿಕರಣ. ಸಾಬೂನಿನ ಗುಳ್ಳೆಯಲ್ಲಿ ನಡೆಯುವುದೂ ಇದೇ.

ಕಬ್ಬಿಣದ ಅಂಶವಿರುವ ಅಂತರ್ಜಲ ಮೇಲೆ ಬಂದು ಗಾಳಿಗೆ ತೆರೆದುಕೊಂಡಾಗ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಕಬ್ಬಿಣವನ್ನು ಉತ್ಕರ್ಷಿಸಿ ನೀರಿನ ಮೇಲೆ ಇಂಥ ಪೊರೆ ಕಟ್ಟುತ್ತವೆ. ಇದನ್ನೂ ಎಣ್ಣೆಯನ್ನೂ ಬೇರೆ ಮಾಡಿ ತಿಳಿಯುವ ಉಪಾಯ ಸರಳ. ಪೊರೆಯನ್ನು ಕಡ್ಡಿಯಿಂದ ಕಲಕಬೇಕು. ಎಣ್ಣೆಯಾದರೆ ದ್ರವ, ಸೀಳಿದ ಕೂಡಲೇ ಹರಿದುಬಂದು ಮತ್ತೆ ಕೂಡಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಪೊರೆಯಾದರೆ ಒಡೆದ ಹಪ್ಪಳದಂತೆ ಚೂರುಚೂರಾಗಿ, ಆ ಚೂರುಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ನಾವು ನೋಡಿದ ಪೊರೆ ಚೂರುಚೂರಾಯಿತು. ಹೊಂಡದ ಅಂಚಿನಲ್ಲಿ ತುಕ್ಕಿನ ಬಣ್ಣದ ಲೋಳೆಯೂ ಇತ್ತು. ಕೂಡಿಕೊಳ್ಳುವ ಪೊರೆ ಸಿಕ್ಕರೂ ಮೊದಲು ಸಂಶಯಪಡಬೇಕಾದದ್ದು ಡೀಸೆಲ್ ಪಂಪ್‌ಸೆಟ್ಟಿನ ಸೋರಿಕೆಯನ್ನೇ ಹೊರತು ತೈಲನಿಕ್ಷೇಪವನ್ನಲ್ಲ.

ಆದರೆ ಹಿರಿಯರು ಅಷ್ಟಕ್ಕೇ ಬಿಡಲಿಲ್ಲ. "ಅಲ್ಲಿ ಮುಂಬೈ ಸಮುದ್ರದಾಗ ನೀರಿನ ಕೆಳಗ ಹೋಗಿ ಎಣ್ಣಿ ತೆಗಿತಾರ. ಇಲ್ಲಿ ಒಣ ನೆಲದಾಗ ಯಾಕ ನೋಡಂಗಿಲ್ಲರೀ?" ಎಂದು ಕೇಳಿದರು. ಈ ಪ್ರಶ್ನೆಗೆ ಹೊಂಡದ ಬದಿಯಲ್ಲಿ ನಿಂತು ಉತ್ತರಿಸಲು ಆಗುವುದಿಲ್ಲ. ಈ ಲೇಖನ ಅದಕ್ಕಾಗಿ.

ತೈಲ ಕಂಪನಿಯ ನಕ್ಷೆ

ನಮ್ಮ ದೇಶದಲ್ಲಿ ಕಡಲಿನಿಂದ ತೈಲ ಮತ್ತು ಅನಿಲ ತೆಗೆಯುವ ಪ್ರಮುಖ ಸಂಸ್ಥೆ ತೈಲ ಮತ್ತು ನೈಸರ್ಗಿಕ ಅನಿಲ ನಿಗಮ, ಅಂದರೆ ಒಎನ್‌ಜಿಸಿ. ಇದು 1956ರಲ್ಲಿ ಆಯೋಗವಾಗಿ ಆರಂಭವಾಯಿತು. ಈ ಸಂಸ್ಥೆ ತನ್ನ ಶೋಧನೆಯ ಕೆಲಸವನ್ನು ಜಿಲ್ಲೆ ಅಥವಾ ರಾಜ್ಯಗಳ ಪ್ರಕಾರ ಹಂಚಿಕೊಂಡಿಲ್ಲ. ಅದರ ನಕ್ಷೆಯಲ್ಲಿರುವುದು ಸಂಚಯನ ಬೋಗುಣಿಗಳು. ನದಿ, ಕಡಲುಗಳು ಕೋಟ್ಯಂತರ ವರ್ಷ ಮಣ್ಣು, ಮರಳು, ಸುಣ್ಣ ತಂದು ತುಂಬಿದ, ತುಂಬುತ್ತಲೇ ಕುಸಿಯುತ್ತ ಹೋದ ತಗ್ಗುಗಳೇ ಈ ಬೋಗುಣಿಗಳು. ಪಶ್ಚಿಮ ಕಡಲಿಗೆ ಮುಂಬೈ, ಗುಜರಾತಿನ ನೆಲದ ಬಾವಿಗಳಿಗೆ ವಡೋದರಾ, ಕಾವೇರಿ ಬೋಗುಣಿಗೆ ಚೆನ್ನೈ ಹೀಗೆ ಕೇಂದ್ರಗಳಿವೆ.

ಭಾರತದಲ್ಲಿ ಇಂಥ 26 ಬೋಗುಣಿಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ವಾಣಿಜ್ಯ ಪ್ರಮಾಣದಲ್ಲಿ ತೈಲ ಅಥವಾ ಅನಿಲ ಕೊಡುತ್ತಿರುವುವು ಕೆಲವೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಈ ನಕ್ಷೆಯಲ್ಲಿ ಬಿಳಿ ಜಾಗವೇನೂ ಅಲ್ಲ. ಇವು ದಖ್ಖನ್ ಲಾವಾ ಪ್ರದೇಶದ ದಕ್ಷಿಣದ ಅಂಚಿನಲ್ಲಿವೆ. ಇನ್ನೂ ದಕ್ಷಿಣಕ್ಕೆ, ಪೂರ್ವಕ್ಕೆ ಹೋದರೆ ಭೀಮಾ-ಕಲಾದಗಿ ಬೋಗುಣಿ. ಎರಡೂ ಆ 26ರ ಪಟ್ಟಿಯಲ್ಲಿವೆ. ಆದರೆ ಎರಡರಲ್ಲೂ ಇದುವರೆಗೆ ವಾಣಿಜ್ಯ ತೈಲ ಸಿಕ್ಕಿಲ್ಲ. ಕಾರಣ ತಿಳಿಯಲು ತೈಲ ಹುಟ್ಟುವ ಬಗೆಯನ್ನು ನೋಡಬೇಕು.

ತೈಲಕ್ಕೆ ಬೇಕಾದ ನಾಲ್ಕು ಸಂಗತಿಗಳು

ಮೊದಲನೆಯದು ಆಹಾರ. ಕಡಲಿನ ಸೂಕ್ಷ್ಮಜೀವಿ, ಪಾಚಿ, ಸಸ್ಯಗಳ ಅವಶೇಷ ಕೆಸರಿನಲ್ಲಿ ಗಾಳಿ ತಾಗದಂತೆ ಹೂತುಹೋಗಿ ಜೇಡಿಶಿಲೆಯಾಗಬೇಕು. ಇದು ತಾಯಿಶಿಲೆ.

ಎರಡನೆಯದು ಹದವಾದ ಬಿಸಿ. ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಈ ಜೈವಿಕ ವಸ್ತು ನಿಧಾನವಾಗಿ ತೈಲವಾಗುತ್ತದೆ. ಬಿಸಿ ಹೆಚ್ಚಾದರೆ ಅನಿಲ, ಇನ್ನೂ ಹೆಚ್ಚಾದರೆ ಬರಿಯ ಇಂಗಾಲ. ನೆಲದೊಳಗೆ ಪ್ರತಿ ಕಿಲೋಮೀಟರಿಗೆ ಸುಮಾರು 30 ಡಿಗ್ರಿ ಉಷ್ಣತೆ ಏರುತ್ತದೆ ಎಂದಿಟ್ಟುಕೊಳ್ಳೋಣ. ಮೇಲೆ 30 ಡಿಗ್ರಿ ಇದ್ದರೆ 90 ಡಿಗ್ರಿ ಸಿಗುವುದು ಎರಡು ಕಿಲೋಮೀಟರ್ ಆಳದಲ್ಲಿ. ಅಂದರೆ ಆರುನೂರು ಅಡಿಯ ಬೋರ್‌ವೆಲ್ ಅಡುಗೆಮನೆಯ ಹೊಸ್ತಿಲನ್ನೂ ಮುಟ್ಟಿರುವುದಿಲ್ಲ.

ಮೂರನೆಯದು ತೈಲ ತುಂಬಿಕೊಳ್ಳುವ ರಂಧ್ರಗಳುಳ್ಳ ಕಲ್ಲು. ತೈಲ ನೆಲದೊಳಗೆ ಕೆರೆಯಂತೆ ನಿಂತಿರುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಮರಳುಕಲ್ಲು ಅಥವಾ ಸುಣ್ಣಕಲ್ಲಿನ ಸಣ್ಣ ರಂಧ್ರಗಳಲ್ಲಿ, ನೀರು ಹೀರಿದ ಇಟ್ಟಿಗೆಯಲ್ಲಿರುವಂತೆ, ಅದು ಹರಡಿಕೊಂಡಿರುತ್ತದೆ.

ನಾಲ್ಕನೆಯದು ಮುಚ್ಚಳ. ತೈಲ ನೀರಿಗಿಂತ ಹಗುರ. ತಡೆಯಿಲ್ಲದಿದ್ದರೆ ಮೇಲೇರಿ ಚದುರಿಹೋಗುತ್ತದೆ. ಬೋರಲಿಟ್ಟ ಬಟ್ಟಲಿನಂತೆ ಬಾಗಿದ, ರಂಧ್ರವಿಲ್ಲದ ಕಲ್ಲು ಅದನ್ನು ತಡೆದು ನಿಲ್ಲಿಸಬೇಕು.

ಈ ನಾಲ್ಕೂ ಒಂದೇ ಜಾಗದಲ್ಲಿ, ಸರಿಯಾದ ಅನುಕ್ರಮದಲ್ಲಿ ಕೂಡಿಬರಬೇಕು. ಒಂದು ತಪ್ಪಿದರೂ ಬಾವಿ ಬರಡು.

ಒಂದೇ ಕಲ್ಲು, ಎರಡು ಪಾತ್ರ

ಚಿಕ್ಕೋಡಿಯ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಇರುವುದನ್ನು ನೀವು ನೋಡಿರಬಹುದು. ಒಂದೊಂದು ಮೆಟ್ಟಿಲೂ ಒಂದೊಂದು ಲಾವಾ ಪ್ರವಾಹ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹರಿದು ಬಸಾಲ್ಟ್ ಕಲ್ಲಾಯಿತು. ನಮ್ಮ ಕರಿಕಲ್ಲು ಇದೇ. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲಿಗಿರುವ ಪದದಿಂದ ಇದಕ್ಕೆ ಡೆಕ್ಕನ್ ಟ್ರ್ಯಾಪ್ ಎಂಬ ಹೆಸರು ಬಂದಿದೆ. ಇಂದಿಗೂ ಇದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ಕಬ್ಬು, ತಂಬಾಕು ಬೆಳೆಯುವ ನಮ್ಮ ಎರೆಮಣ್ಣು ಈ ಕಲ್ಲು ಶಿಥಿಲವಾಗಿ ಆದದ್ದು.

ಕುತೂಹಲದ ಸಂಗತಿ ಎಂದರೆ, ಈ ಲಾವಾ ಕರಾವಳಿಯಲ್ಲಿ ನಿಲ್ಲುವುದಿಲ್ಲ. ಅರಬ್ಬಿ ಸಮುದ್ರದ ಕೆಳಗೂ ಮುಂದುವರಿಯುತ್ತದೆ. ಚಿಕ್ಕೋಡಿಯಿಂದ ನೇರ ರೇಖೆಯಲ್ಲಿ ಸುಮಾರು 480 ಕಿಲೋಮೀಟರ್ ವಾಯವ್ಯಕ್ಕಿರುವ ಮುಂಬೈ ಹೈ ತೈಲಕ್ಷೇತ್ರದ ತಳಪಾಯದಲ್ಲಿಯೂ ಹಳೆಯ ಗ್ರಾನೈಟ್ ಜಾತಿಯ ಕಲ್ಲುಗಳ ಜೊತೆಗೆ ಇದೇ ಬಸಾಲ್ಟ್ ಇದೆ.

ಹಾಗಾದರೆ ವ್ಯತ್ಯಾಸವೇನು? ಲಾವಾ ಉಕ್ಕಿದ ಕಾಲದಲ್ಲೇ ಸೆಶೆಲ್ಸ್ ದ್ವೀಪಗಳ ಭೂಭಾಗ ಭಾರತದಿಂದ ಬೇರ್ಪಡುತ್ತಿತ್ತು. ಎಳೆದ ಹಿಟ್ಟಿನ ಕಣಕದಂತೆ ಪಶ್ಚಿಮದ ಭೂತೊಗಟೆ ತೆಳುವಾಯಿತು, ಬಿರುಕು ಬಿಟ್ಟಿತು, ತಣ್ಣಗಾಗುತ್ತ ಕುಸಿಯಿತು. ಕುಸಿದ ಬಸಾಲ್ಟಿನ ಮೇಲೆ ಕಡಲು ನುಗ್ಗಿತು. ಮೊದಲು ಜೌಗುಪ್ರದೇಶದ ಕಪ್ಪು ಜೇಡಿ ಮತ್ತು ಕಲ್ಲಿದ್ದಲ ಪದರಗಳು, ಆಮೇಲೆ ಹವಳ-ಚಿಪ್ಪುಗಳ ಸುಣ್ಣಕಲ್ಲು, ಅದರ ಮೇಲೆ ಮತ್ತೆ ಜೇಡಿ ಹೀಗೆ ಪದರಗಳು ಬೆಳೆದವು. ತಾಯಿಶಿಲೆ, ಬಿಸಿ, ರಂಧ್ರಶಿಲೆ, ಮುಚ್ಚಳ ನಾಲ್ಕೂ ಕೂಡಿದವು. ಪಕ್ಕದ ತಗ್ಗುಗಳಲ್ಲಿ ಬೆಂದ ತೈಲ ಎತ್ತರದ ದಿಬ್ಬದ ಕಡೆಗೆ ಸರಿದು ಅಲ್ಲಿ ನೆಲೆನಿಂತಿತು. 'ಹೈ' ಎಂದರೆ ಆ ದಿಬ್ಬವೇ.

ಇತ್ತ ನಮ್ಮ ಭಾಗ ಕುಸಿಯಲಿಲ್ಲ. ಬಸಾಲ್ಟಿನ ಮೇಲೆ ಕಡಲು ಬರಲಿಲ್ಲ. ಮುಂಬೈ ಹೈಯಲ್ಲಿ ನೆಲಹಾಸಾಗಿರುವ ಕಲ್ಲು ಚಿಕ್ಕೋಡಿಯಲ್ಲಿ ಮಾಳಿಗೆಯಾಗಿದೆ. ನೆಲಹಾಸಿನ ಮೇಲೆ ಅಟ್ಟ ಕಟ್ಟಲು ಅಲ್ಲಿ ಆರು ಕೋಟಿ ವರ್ಷ ಸಮಯವಿತ್ತು. ಇಲ್ಲಿ ಆ ಸಮಯವೆಲ್ಲ ಮಾಳಿಗೆಯನ್ನು ಸವೆಸಿ ಎರೆಮಣ್ಣು ಮಾಡುವುದರಲ್ಲಿ ಕಳೆಯಿತು.

ಕಡಲಲ್ಲಿ ಸುಲಭ, ಕರಿಕಲ್ಲಲ್ಲಿ ಕಷ್ಟ

ಮಾಳಿಗೆಯ ಕೆಳಗೆ, ಲಾವಾಕ್ಕಿಂತ ಹಳೆಯ ಪದರಶಿಲೆಗಳಲ್ಲಿ ತೈಲವಿರಬಾರದೇ? ಇರಬಹುದು. ನೋಡುವುದು ಹೇಗೆ ಎಂಬುದೇ ಪ್ರಶ್ನೆ. ಭೌತಶಾಸ್ತ್ರದ ಮೇಷ್ಟ್ರಿಗೆ ಇಲ್ಲಿ ಕೆಲಸವಿದೆ.

ತೈಲ ಶೋಧಕರ ಮುಖ್ಯ ಸಾಧನ ಪ್ರತಿಧ್ವನಿ. ಕಡಲಿನಲ್ಲಿ ಹಡಗಿನಿಂದ ಒತ್ತಿದ ಗಾಳಿಯನ್ನು ನೀರೊಳಗೆ ಫಕ್ಕನೆ ಬಿಡುತ್ತಾರೆ. ಆ ಧ್ವನಿ ತಳದ ಪದರಗಳಿಗೆ ತಾಗಿ ಹಿಂದಿರುಗುತ್ತದೆ. ಹಡಗಿನ ಹಿಂದೆ ಕಿಲೋಮೀಟರುಗಟ್ಟಲೆ ಎಳೆಯಲಾಗುವ ಕೇಬಲ್ಲಿನ ನೀರಧ್ವನಿಗ್ರಾಹಕಗಳು ಅದನ್ನು ದಾಖಲಿಸುತ್ತವೆ. 75 ಮೀಟರ್ ನೀರನ್ನು ದಾಟಿ, ಅದರ ಕೆಳಗೆ ಸುಮಾರು 1300 ಮೀಟರ್ ಆಳದ ಪದರಕ್ಕೆ ತಾಗಿ ಬರಲು ಒಂದೂಕಾಲು ಸೆಕೆಂಡ್ ಸಾಕು.

ಎರಡು ಮಾಧ್ಯಮಗಳ ಗಡಿಯಲ್ಲಿ ಎಷ್ಟು ಧ್ವನಿ ಹಿಂದಿರುಗುತ್ತದೆ ಎಂಬುದನ್ನು ಧ್ವನಿ ಪ್ರತಿಬಾಧೆ ನಿರ್ಧರಿಸುತ್ತದೆ. ಸಾಂದ್ರತೆಯನ್ನು ಧ್ವನಿವೇಗದಿಂದ ಗುಣಿಸಿದರೆ ಪ್ರತಿಬಾಧೆ ಸಿಗುತ್ತದೆ. ಎರಡು ಪ್ರತಿಬಾಧೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, ಬಂದುದನ್ನು ವರ್ಗ ಮಾಡಿದರೆ ನೇರವಾಗಿ ಬಡಿದ ಧ್ವನಿಶಕ್ತಿಯಲ್ಲಿ ಹಿಂದಿರುಗುವ ಪಾಲು ತಿಳಿಯುತ್ತದೆ. ವಿದ್ಯಾರ್ಥಿಗಳು ಮುಂದಿನ ಲೆಕ್ಕವನ್ನು ಸ್ವತಃ ಮಾಡಿ ನೋಡಬಹುದು. ಇಲ್ಲಿ ಸಾಂದ್ರತೆ ಘನಮೀಟರಿಗೆ ಟನ್‌ಗಳಲ್ಲಿ, ವೇಗ ಸೆಕೆಂಡಿಗೆ ಕಿಲೋಮೀಟರ್‌ಗಳಲ್ಲಿದೆ. ಅಂಕಿಗಳು ಮಾದರಿಯವು.

ಕಡಲ ನೀರು: 1.03 × 1.5 = 1.5. ಕಡಲ ತಳದ ಮೆತ್ತನೆಯ ಕೆಸರು: 1.7 × 1.7 = 2.9. ಹಿಂದಿರುಗುವ ಪಾಲು ಸುಮಾರು ಹತ್ತನೇ ಒಂದು. ಉಳಿದ ಒಂಬತ್ತು ಪಾಲು ಕೆಳಗಿಳಿಯುತ್ತದೆ.

ಸಡಿಲ ಎರೆಮಣ್ಣು: 1.7 × 0.6 = 1.0. ಗಟ್ಟಿ ಬಸಾಲ್ಟ್: 2.8 × 5.5 = 15.4. ವ್ಯತ್ಯಾಸ 14.4, ಮೊತ್ತ 16.4. ವರ್ಗ ಮಾಡಿದರೆ 0.77. ಅಂದರೆ ನೂರರಲ್ಲಿ 77 ಪಾಲು ಮೇಲಕ್ಕೇ ಹಿಂದಿರುಗಿ, ಒಳಗೆ ಹೋಗುವುದು 23 ಮಾತ್ರ. ಆ 23 ಪಾಲು ಬಸಾಲ್ಟಿನ ತಳದಲ್ಲಿರಬಹುದಾದ ಮರಳುಕಲ್ಲಿಗೆ ತಾಗಿದಾಗ (2.5 × 4 = 10) ಪ್ರತಿಫಲಿಸುವುದು ಅದರ ನೂರಕ್ಕೆ ನಾಲ್ಕೂವರೆಯಷ್ಟು. ಅದು ಮೇಲೆ ಬರುವಾಗ ಮತ್ತೆ ಅದೇ ಬಾಗಿಲು ದಾಟಬೇಕು, ಅಲ್ಲೂ 23 ಪಾಲಿಗೆ ಮಾತ್ರ ಪ್ರವೇಶ. ಎಲ್ಲವನ್ನೂ ಗುಣಿಸಿದರೆ ಹೊರಟ ಸಾವಿರ ಪಾಲಿನಲ್ಲಿ ನಮ್ಮ ಕೈಸೇರುವುದು ಎರಡೂವರೆ ಪಾಲಿಗೂ ಕಡಿಮೆ.

ವಾಸ್ತವದಲ್ಲಿ ಮಣ್ಣು ಒಮ್ಮೆಲೇ ಕಲ್ಲಾಗುವುದಿಲ್ಲ, ನಡುವೆ ಶಿಥಿಲ ಪದರವಿರುತ್ತದೆ. ಸ್ಫೋಟಕವನ್ನು ಮಣ್ಣಿನಡಿ ಕುಳಿ ತೋಡಿ ಇಟ್ಟು ನಷ್ಟವನ್ನು ಕಡಿಮೆ ಮಾಡುವುದೂ ಉಂಟು. ಆದರೂ ತೊಂದರೆ ತೀರುವುದಿಲ್ಲ. ಬಸಾಲ್ಟ್ ಒಂದೇ ಚಪ್ಪಡಿಯಲ್ಲ. ಒಂದೊಂದು ಪ್ರವಾಹದ ತಲೆಯೂ ಗುಳ್ಳೆಗುಳ್ಳೆಯಾಗಿದ್ದು, ಎರಡರ ನಡುವೆ ಕೆಲವೆಡೆ ಕೆಮ್ಮಣ್ಣಿನ ಪಟ್ಟಿಯಿರುತ್ತದೆ. ಪ್ರತಿಯೊಂದೂ ತನ್ನದೇ ಪ್ರತಿಧ್ವನಿ ಕೊಟ್ಟು ಗದ್ದಲ ಎಬ್ಬಿಸುತ್ತದೆ. ಜಾತ್ರೆಯ ನಡುವೆ ಪಿಸುಮಾತು ಕೇಳಿಸಿಕೊಂಡಂತೆ. ಆದ್ದರಿಂದಲೇ ಬಸಾಲ್ಟಿನ ಕೆಳಗನ್ನು ತಿಳಿಯಲು ಗುರುತ್ವದ ಸೂಕ್ಷ್ಮ ಅಳತೆ, ನೆಲದ ವಿದ್ಯುತ್ ವಾಹಕತೆಯ ಅಳತೆ ಮುಂತಾದ ಬೇರೆ ದಾರಿಗಳನ್ನೂ ಭೂಭೌತವಿಜ್ಞಾನಿಗಳು ಜೊತೆಗೆ ಬಳಸುತ್ತಾರೆ.

ಕೊರೆದು ನೋಡಿದಾಗ

ಪ್ರತಿಧ್ವನಿ ಎಷ್ಟು ಹೇಳಿದರೂ ಕೊನೆಯ ಮಾತು ಕೊರೆಬಾವಿಯದು. ಲಾವಾವನ್ನು ದಾಟಿ ಕೊರೆದ ಎರಡು ಬಾವಿಗಳು ಭೂಕಂಪದ ಅಧ್ಯಯನಕ್ಕಾಗಿ ಆದವು. ಆದರೆ ನಮ್ಮ ಪ್ರಶ್ನೆಗೂ ಉಪಯುಕ್ತ.

1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ದೊಡ್ಡ ಭೂಕಂಪವಾಯಿತು. ಕೊಯ್ನಾ ಚಿಕ್ಕೋಡಿಯಿಂದ ಸುಮಾರು 140 ಕಿಲೋಮೀಟರ್ ದೂರ. ಆ ಹೊಳೆಯ ನೀರೇ ಕರಾಡದಲ್ಲಿ ಕೃಷ್ಣೆಯನ್ನು ಸೇರಿ ಉಗಾರ, ಕುಡಚಿಯ ಕಡೆ ಹರಿದುಬರುತ್ತದೆ. ಅಲ್ಲಿ ಅಧ್ಯಯನಕ್ಕಾಗಿ ಕೊರೆದ ಮೊದಲ ಬಾವಿ 1522 ಮೀಟರ್ ಇಳಿಯಿತು. ಸುಮಾರು 930 ಮೀಟರ್ ಬಸಾಲ್ಟ್, ಅದರ ಕೆಳಗೆ ನೇರವಾಗಿ ಗ್ರಾನೈಟ್ ಜಾತಿಯ ಕಲ್ಲು. ನಡುವೆ ಪದರಶಿಲೆಯೇ ಇರಲಿಲ್ಲ. 1993ರ ಲಾತೂರು ಭೂಕಂಪದ ನಂತರ ಕಿಲ್ಲಾರಿಯಲ್ಲಿ ಕೊರೆದ 617 ಮೀಟರ್ ಬಾವಿಯಲ್ಲಿ 338 ಮೀಟರ್ ಬಸಾಲ್ಟ್, ಕೇವಲ 8 ಮೀಟರ್ ಪದರಶಿಲೆ, ಆಮೇಲೆ ಗ್ರಾನೈಟ್ ಜಾತಿ. ಎಂಟು ಮೀಟರ್ ಪದರಶಿಲೆ ತೈಲ ಬೇಯಿಸುವ ಪಾತ್ರೆಯಾಗಲಾರದು.

ನಮ್ಮ ತಾಲೂಕುಗಳ ದಕ್ಷಿಣಕ್ಕೆ ಇನ್ನೊಂದು ಸುಳಿವಿದೆ. ಅದನ್ನು ನೋಡಲು ಕೊರೆಯಬೇಕಾಗಿಲ್ಲ, ಗೋಕಾಕಕ್ಕೆ ಪ್ರವಾಸ ಹೋದರೆ ಸಾಕು. ಘಟಪ್ರಭೆ ಸುಮಾರು 52 ಮೀಟರ್ ಧುಮುಕುವ ಬಂಡೆ ಬಸಾಲ್ಟ್ ಅಲ್ಲ, ಕಲಾದಗಿ ಶಿಲಾಸಮೂಹದ ಮರಳುಕಲ್ಲು. ಲಾವಾದ ಅಂಚಿನಿಂದ ಹೊರಗೆ ಇಣುಕುವ ಈ ಪದರಶಿಲೆಗಳು ನಮ್ಮ ಲಾವಾದ ಕೆಳಗೂ ಅಲ್ಲಲ್ಲಿ ಚಾಚಿರುವ ಸಾಧ್ಯತೆಯಿದೆ. ಆದರೆ ಇವು ನೂರು ಕೋಟಿ ವರ್ಷಗಳ ಆಸುಪಾಸಿನವು ಅಥವಾ ಇನ್ನೂ ಹಳೆಯವು. ಆಗ ಭೂಮಿಯಲ್ಲಿದ್ದದ್ದು ಬಹುಪಾಲು ಸೂಕ್ಷ್ಮಜೀವಿಗಳು. ಇಷ್ಟು ಹಳೆಯ ಶಿಲೆಯಲ್ಲಿ ತೈಲವಿರಲಾರದು ಎಂದಲ್ಲ, ಒಮಾನ್ ಮತ್ತು ಸೈಬೀರಿಯಾದಲ್ಲಿ ಬಹು ಪ್ರಾಚೀನ ಶಿಲೆಗಳಿಂದಲೂ ತೈಲ ಸಿಕ್ಕಿದೆ. ಆದರೆ ಅಲ್ಲಿ ತಾಯಿಶಿಲೆಯೂ ಮುಚ್ಚಳವೂ ಉಳಿದುಬಂದಿವೆ.

ಬಸಾಲ್ಟಿನಲ್ಲೇ ತೈಲ ಸಿಕ್ಕ ಉದಾಹರಣೆಯೂ ಇದೆ. ವಡೋದರಾ ಬಳಿಯ ಪಾದ್ರಾದಲ್ಲಿ ಬಿರುಕು ಬಿಟ್ಟ ಟ್ರ್ಯಾಪ್ ಕಲ್ಲಿನಿಂದ ತೈಲ ಬಂದಿದೆ. ಆದರೆ ಅದು ಅಲ್ಲಿ ಹುಟ್ಟಿದ್ದಲ್ಲ. ಪಕ್ಕದ ಖಂಬಾತ್ ಬೋಗುಣಿಯ ಜೇಡಿಶಿಲೆಯಲ್ಲಿ ಬೆಂದು ಬಿರುಕಿಗೆ ನುಸುಳಿದ್ದು. ನಮ್ಮಲ್ಲಿ ಅಂಥ ನೆರೆಮನೆ ಇಲ್ಲ.

ಕಡಲಿನ ಕೆಲಸದ ಬಗೆ

1960ರ ದಶಕದಲ್ಲಿ ಸೋವಿಯತ್ ಹಡಗು ಅಕಾಡೆಮಿಕ್ ಆರ್ಖಾಂಗೆಲ್ಸ್ಕಿ ಪಶ್ಚಿಮ ಕಡಲಿನಲ್ಲಿ ಪ್ರತಿಧ್ವನಿ ಸಮೀಕ್ಷೆ ನಡೆಸಿ ದಿಬ್ಬವನ್ನು ಗುರುತಿಸಿತು. 1974ರಲ್ಲಿ ಜಪಾನಿನಲ್ಲಿ ಕಟ್ಟಿದ ಸಾಗರ್ ಸಾಮ್ರಾಟ್ ಎಂಬ ಕೊರೆಯುವ ರಿಗ್ ಅಲ್ಲಿ ತೈಲ ಕಂಡಿತು. 1976ರ ಮೇ 21ರಂದು ಉತ್ಪಾದನೆ ಆರಂಭವಾಯಿತು. ಎರಡೇ ವರ್ಷಗಳ ಅವಧಿ!

ಸಾಗರ್ ಸಾಮ್ರಾಟ್ ಕಾಲು ಇಳಿಸುವ ಬಗೆಯ ರಿಗ್. ತೇಲುತ್ತ ಹೋಗಿ, ಉದ್ದ ಕಾಲುಗಳನ್ನು ಕಡಲ ತಳಕ್ಕೆ ಊರಿ, ತನ್ನ ಒಡಲನ್ನು ಅಲೆಗಳಿಗಿಂತ ಮೇಲೆ ಎತ್ತಿಕೊಳ್ಳುತ್ತದೆ. ಮುಂಬೈ ಹೈಯಲ್ಲಿ ನೀರಿನ ಆಳ ಸುಮಾರು 75 ಮೀಟರ್ ಆದ್ದರಿಂದ ಇದು ಸಾಧ್ಯ. ಆಳ ನೀರಿನಲ್ಲಿ ಅಲೆಯುದ್ದ ಅಲೆಯ ಅವಧಿಯ ವರ್ಗದ 1.56 ಪಟ್ಟು ಮೀಟರ್. ಮಳೆಗಾಲದ 10 ಸೆಕೆಂಡ್ ಅವಧಿಯ ಅಲೆಯ ಉದ್ದ 156 ಮೀಟರ್. ಅಲೆಯ ಚಲನೆ ಅದರ ಅರ್ಧ ಉದ್ದದಷ್ಟು ಆಳದಲ್ಲಿ, ಅಂದರೆ 78 ಮೀಟರಿನಲ್ಲಿ, ಮೇಲಿನದರ ನೂರಕ್ಕೆ ನಾಲ್ಕರಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಅಲೆಯ ಹೊಡೆತವೆಲ್ಲ ಕಾಲುಗಳ ಮೇಲ್ಭಾಗಕ್ಕೆ, ಪಾದಗಳಿಗೆ ಅಲ್ಪ. ಇನ್ನೂ ದೀರ್ಘ ಅವಧಿಯ ಬಿರುಗಾಳಿ ಅಲೆಗಳು ಮಾತ್ರ ತಳವನ್ನೂ ಕೆದಕುತ್ತವೆ.

ಬಾವಿಯೊಳಗಿನ ಒತ್ತಡದ ಲೆಕ್ಕವೂ ಸರಳ. 1400 ಮೀಟರ್ ಆಳದಲ್ಲಿ ಉಪ್ಪುನೀರಿನ ಕಂಬದ ಒತ್ತಡವೇ ಸುಮಾರು 140 ವಾಯುಭಾರ. ತೈಲ-ಅನಿಲ ನುಗ್ಗದಂತೆ ಅದಕ್ಕಿಂತ ಸ್ವಲ್ಪ ಭಾರವಾದ ಕೊರೆಗೆಸರನ್ನು ಬಾವಿಯಲ್ಲಿ ತುಂಬಿರುತ್ತಾರೆ. ಕೆಸರು ಹಗುರಾದರೆ ಬಾವಿ ಉಕ್ಕುತ್ತದೆ, ಭಾರ ಹೆಚ್ಚಾದರೆ ಕಲ್ಲು ಸೀಳುತ್ತದೆ. ರಿಗ್ಗಿನ ಎಂಜಿನಿಯರು ಹಗಲಿರುಳು ಕಾಯುವುದು ಈ ಎರಡರ ನಡುವಿನ ಕಿರುದಾರಿಯನ್ನು.

ಮೊದಮೊದಲು ತೈಲವನ್ನು ಹಡಗುಗಳಲ್ಲಿ ತರುತ್ತಿದ್ದರು. 1978ರಿಂದ ಕಡಲ ತಳದ ಕೊಳವೆಗಳಲ್ಲಿ ತೈಲ ಮತ್ತು ಅನಿಲ ಮುಂಬೈ ಎದುರಿನ ಉರಣಕ್ಕೆ ಬರತೊಡಗಿದವು. 1980ರ ದಶಕದ ಕೊನೆಗೆ ಮುಂಬೈ ಹೈ ವರ್ಷಕ್ಕೆ ಸುಮಾರು 2 ಕೋಟಿ ಟನ್ ತೈಲ ಕೊಟ್ಟಿತು. ಆಮೇಲೆ ಇಳಿಮುಖ. ಈಗ ನೀರು ಒತ್ತಿ, ಹೊಸ ಅಡ್ಡಬಾವಿಗಳನ್ನು ಕೊರೆದು ಉಳಿದದ್ದನ್ನು ಹಿಂಡಲಾಗುತ್ತಿದೆ.

ಈ ತೈಲಕ್ಕೆ ತೆತ್ತ ಬೆಲೆಯನ್ನೂ ನೆನೆಯಬೇಕು. 2005ರ ಜುಲೈ 27ರಂದು ಒಂದು ಸಹಾಯಕ ಹಡಗು ಅಲೆಗಳ ನಡುವೆ ಮುಂಬೈ ಹೈ ಉತ್ತರ ವೇದಿಕೆಗೆ ಬಡಿದು ಅನಿಲದ ಕೊಳವೆ ಒಡೆಯಿತು. ಬೆಂಕಿಯಲ್ಲಿ ವೇದಿಕೆ ನಾಶವಾಗಿ 22 ಮಂದಿ ಸತ್ತರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಪಿ-305 ಎಂಬ ವಸತಿ ಬಾರ್ಜ್ ಮತ್ತು ಒಂದು ಎಳೆಹಡಗು ಮುಳುಗಿ 80ಕ್ಕೂ ಹೆಚ್ಚು ಕೆಲಸಗಾರರು ಪ್ರಾಣ ಕಳೆದುಕೊಂಡರು. 'ಕಡಲಲ್ಲಿ ಸುಲಭ' ಎಂದದ್ದು ಪ್ರತಿಧ್ವನಿಯ ಮಟ್ಟಿಗೆ ಮಾತ್ರ.

ನಮ್ಮ ನೆಲಕ್ಕೆ ಬರುವ ದಾರಿ

ತೈಲವಿಲ್ಲದ ಕರ್ನಾಟಕ ತೈಲೋದ್ಯಮದ ಹೊರಗೇನೂ ಉಳಿದಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ಶುದ್ಧೀಕರಣಾಗಾರ 2003ರಲ್ಲಿ ಒಎನ್‌ಜಿಸಿಯ ಅಂಗಸಂಸ್ಥೆಯಾಯಿತು. ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ ಈ ಘಟಕ ಆಮದು ತೈಲದೊಂದಿಗೆ ಮುಂಬೈ ಹೈ ತೈಲವನ್ನೂ ಸಂಸ್ಕರಿಸಿದೆ. 2013ರಲ್ಲಿ ಚಾಲನೆಗೊಂಡ ಗೇಲ್ ಸಂಸ್ಥೆಯ ದಾಭೋಳ-ಬೆಂಗಳೂರು ಅನಿಲ ಕೊಳವೆ ನಮ್ಮ ಬೆಳಗಾವಿ ಜಿಲ್ಲೆಯನ್ನು ಹಾದುಹೋಗುತ್ತದೆ. ಕರಿಕಲ್ಲಿನ ಕೆಳಗೆ ಅನಿಲ ಸಿಗದಿದ್ದರೂ ಕರಿಕಲ್ಲನ್ನು ಅಗೆದು ಹೂತ ಕೊಳವೆಯಲ್ಲಿ ಅದು ಹರಿಯುತ್ತಿದೆ.

ಇನ್ನೊಂದು ಸ್ವಾರಸ್ಯ. ತೈಲ ಹುಟ್ಟಿಸಲಾರದ ನಮ್ಮ ಗಟ್ಟಿಕಲ್ಲು ತೈಲ ಕಾಪಿಡಲು ಬಲು ಯೋಗ್ಯ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳನ್ನು ಬಂಡೆಯಲ್ಲಿ ಕೊರೆಯಲಾಗಿದೆ. ಸುತ್ತಲಿನ ಅಂತರ್ಜಲದ ಒತ್ತಡ ಒಳಗಿನ ತೈಲದ ಒತ್ತಡಕ್ಕಿಂತ ಹೆಚ್ಚಿರುವಂತೆ ನೋಡಿಕೊಂಡರೆ ಬಿರುಕುಗಳಲ್ಲಿ ನೀರು ಒಳಬಂದೀತೇ ಹೊರತು ತೈಲ ಹೊರಹೋಗದು. ಒಳಬಂದ ನೀರನ್ನು ಪಂಪು ಮಾಡಿ ತೆಗೆಯುತ್ತಾರೆ. ದೇಶ ತನಗೆ ಬೇಕಾದ ಕಚ್ಚಾತೈಲದ ನೂರಕ್ಕೆ 85ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರುತ್ತಿರುವಾಗ ಈ ಗುಹೆಗಳು ಕಷ್ಟಕಾಲದ ಕಣಜ.

ಕೃಷ್ಣಾ ತೀರದ ಪಾಲು ಬೇರೆ ರೂಪದಲ್ಲಿದೆ. ಸಕ್ಕರೆ ಕಾರ್ಖಾನೆಗಳ ಎಥನಾಲ್ ಈಗ ಪೆಟ್ರೋಲಿಗೆ ಸೇರುತ್ತದೆ. 2025ರಲ್ಲಿ ದೇಶ ಈ ಮಿಶ್ರಣದಲ್ಲಿ ನೂರಕ್ಕೆ 20ರ ಮಟ್ಟ ಮುಟ್ಟಿತು. ಒಂದು ಟನ್ ಕಬ್ಬಿನ ರಸದಿಂದಲೇ ಎಥನಾಲ್ ಮಾಡಿದರೆ ಸುಮಾರು 70 ಲೀಟರ್. ಎಕರೆಗೆ 40 ಟನ್ ಎಂದರೆ 2800 ಲೀಟರ್. ಶಕ್ತಿಯ ಲೆಕ್ಕದಲ್ಲಿ ಇದು ಸುಮಾರು ಹತ್ತು ಬ್ಯಾರೆಲ್ ಕಚ್ಚಾತೈಲಕ್ಕೆ ಸಮ. ದಿನಕ್ಕೆ 500 ಬ್ಯಾರೆಲ್ ಕೊಡುವ ಒಂದು ಬಾವಿ ಒಂದೇ ದಿನದಲ್ಲಿ 50 ಎಕರೆಯ ವರ್ಷದ ಬೆಳೆಯಷ್ಟು ಶಕ್ತಿ ಕೊಡುತ್ತದೆ. ಅದೂ ಕಬ್ಬಿಗೆ ಹಾಕಿದ ನೀರು, ಗೊಬ್ಬರ, ವಿದ್ಯುತ್ತಿನ ಖರ್ಚನ್ನು ಕಳೆಯದೆ. ಎಥನಾಲಿನ ಬೆಲೆಯನ್ನೂ ಮಿತಿಯನ್ನೂ ಈ ಲೆಕ್ಕ ಒಟ್ಟಿಗೇ ಹೇಳುತ್ತದೆ. ಬಾವಿ ಒಂದು ದಿನ ಬತ್ತುತ್ತದೆ, ನೀರಿದ್ದರೆ ಹೊಲ ಮರುವರ್ಷವೂ ಬೆಳೆಯುತ್ತದೆ ಎಂಬುದನ್ನೂ ಮರೆಯಬಾರದು.

ಹಿರಿಯರಿಗೆ ಕೊಟ್ಟ ಉತ್ತರ

ಅಂದು ಆ ಹೊಲದಲ್ಲಿ ನಾನು ಇಷ್ಟೆಲ್ಲ ಹೇಳಲಿಲ್ಲ. ಮೂರು ಮಾತು ಹೇಳಿದೆ. ಪೊರೆ ಎಣ್ಣೆಯಲ್ಲ. ಎಣ್ಣೆ ಬೇಯಲು ಬೇಕಾದ ಆಳದ ಮುಂದೆ ಸಾವಿರದಿನ್ನೂರು ಅಡಿ ಏನೂ ಅಲ್ಲ, ಕರಿಕಲ್ಲಿನಲ್ಲಿ ಅಷ್ಟು ಆಳಕ್ಕೆ ಹೋದರೆ ನೀರು ಸಿಗುವ ಭರವಸೆಯೂ ಕಡಿಮೆ. ಮೂರನೆಯದಾಗಿ, ಒಂದು ವೇಳೆ ತೈಲ ಸಿಕ್ಕಿತೆನ್ನಿ, ಅದು ಹೊಲದ ಒಡೆಯರದಾಗುವುದಿಲ್ಲ. ನಮ್ಮ ಕಾನೂನಿನಲ್ಲಿ ನೆಲದಡಿಯ ತೈಲ ಸರಕಾರದ್ದು. ರಾಯಧನ ರಾಜ್ಯಕ್ಕೆ ಹೋಗುತ್ತದೆ, ಹೊಲದವರಿಗೆ ಸಿಗುವುದು ಮೇಲಿನ ಜಮೀನಿನ ಪರಿಹಾರ ಮಾತ್ರ. ಈ ಮೂರನೆಯ ಮಾತೇ ಅವರಿಗೆ ಎಲ್ಲಕ್ಕಿಂತ ಬೇಗ ಅರ್ಥವಾಯಿತು. "ಹಂಗಾದ್ರ ಸಾಲ ಬ್ಯಾಡ್ ಬಿಡ್ರಿ" ಎಂದರು. ಆ ಹಣದಲ್ಲಿ ಹನಿ ನೀರಾವರಿ ಹಾಕಿಸಿದರೆಂದು ಮುಂದಿನ ವರ್ಷ ವಿದ್ಯಾರ್ಥಿ ತಿಳಿಸಿದ.

ಶಿಕ್ಷಕರು ಈ ಪಾಠವನ್ನು ತರಗತಿಯ ಹೊರಗೇ ಮಾಡಬಹುದು. ಮಕ್ಕಳು ಶಾಲೆಯ ಬಳಿಯ ಹೊಂಡದ ಪೊರೆಯನ್ನು ಕಡ್ಡಿಯಿಂದ ಕಲಕಲಿ. ಹೊಸ ಬೋರ್‌ವೆಲ್ ಕೊರೆಯುವಾಗ ಹೊರಬರುವ ಪುಡಿಯನ್ನು ಇಪ್ಪತ್ತು ಅಡಿಗೊಮ್ಮೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಆಳ ಬರೆದಿಡಲಿ. ಮಣ್ಣು, ಶಿಥಿಲ ಕಲ್ಲು, ಗಟ್ಟಿ ಕರಿಕಲ್ಲು, ಗುಳ್ಳೆಕಲ್ಲು, ಕೆಮ್ಮಣ್ಣು ಹೀಗೆ ಒಂದೊಂದು ಚೀಲವೂ ಲಾವಾದ ಒಂದೊಂದು ಪುಟವನ್ನು ತೋರಿಸುತ್ತದೆ. ಕೆಮ್ಮಣ್ಣು ಬಂದ ಆಳಗಳನ್ನು ಎರಡು ಮೂರು ಊರುಗಳ ಬಾವಿಗಳಲ್ಲಿ ಹೋಲಿಸಿದರೆ ಲಾವಾ ಪ್ರವಾಹಗಳು ಯಾವ ಕಡೆ ಇಳಿಯುತ್ತವೆ ಎಂಬ ಅಂದಾಜನ್ನು ಹತ್ತನೆಯ ತರಗತಿಯ ಮಕ್ಕಳೇ ಮಾಡಬಹುದು. ತೈಲ ಕಂಪನಿಯ ಭೂವಿಜ್ಞಾನಿ ಕಡಲಿನ ನಡುವೆ ಕುಳಿತು ಮಾಡುವ ಕೆಲಸದ ಮೊದಲ ಹೆಜ್ಜೆಯೂ ಇಂಥದೇ.